ಕೆಟಲ್ ಜೌಗಿನ ಸೊನ್ನೆ

ಫೆಬ್ರವರಿಯ ಕೊನೆಯ ಶುಕ್ರವಾರ ಪೆಟಾ ಫೋನ್ ಮಾಡಿದಾಗ ನಾನು ಒಲೆಯ ಮೇಲೆ ಪ್ಲಮ್ ಜಾಮ್ ಕಾಯಿಸುತ್ತಿದ್ದೆ. ಪೆಟಾ ನಮ್ಮೂರಿನ ರಾಷ್ಟ್ರೀಯ ಉದ್ಯಾನದ ಕಚೇರಿಯಲ್ಲಿ ಕೆಲಸ ಮಾಡುವವಳು, ಚಿಕ್ಕವಳಿದ್ದಾಗ ನಾನು ಓಡಿಸುತ್ತಿದ್ದ ಸ್ಕೂಲ್ ಬಸ್ಸಿನಲ್ಲೇ ಓಡಾಡಿದವಳು.

"ನೋಲಾ, ನಾಳೆ ಕ್ಲೆಮ್ ಜೊತೆ ಬೆಟ್ಟದ ಮೇಲಕ್ಕೆ ಹೋಗ್ತೀರಾ?" ಎಂದಳು.

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹನ್ನೊಂದು ವರ್ಷದಿಂದ ಆ ಮನುಷ್ಯ ನನ್ನ ಜೊತೆ ನೆಟ್ಟಗೆ ನಾಲ್ಕು ಮಾತಾಡಿರಲಿಲ್ಲ. ಅಡಮಿನಬಿಯಂಥ ಅಂಗೈಯಗಲದ ಊರಿನಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಬದುಕುವುದು ಸುಲಭವಲ್ಲ. ಬೇಕರಿಯಲ್ಲಿ ಎದುರಾದರೆ ಹ್ಯಾಟಿನ ಅಂಚು ಮುಟ್ಟಿಕೊಂಡು, ಬ್ರೆಡ್ಡಿನ ಕಡೆ ನೋಡುತ್ತಿದ್ದ. ನಾನು ಬನ್ನಿನ ಕಡೆ ನೋಡುತ್ತಿದ್ದೆ.

"ಅವನು ಒಪ್ಪಿದ್ನಾ?"

"ಒಪ್ಪದೆ ಏನ್ಮಾಡ್ತಾರೆ? ಒಬ್ಬರೇ ಹೋಗೋ ಹಾಗಿಲ್ಲ ಅಂತ ಈ ವರ್ಷ ಹೊಸ ನಿಯಮ. ನಾನೇ ಹೋಗೋಣ ಅಂದ್ಕೊಂಡಿದ್ದೆ, ಮೊಣಕಾಲು ಊದ್ಕೊಂಡು ಕೂತಿದೆ. ಕೆಲಸ ಗೊತ್ತಿರೋ ಇನ್ನೊಬ್ಬರು ಅಂದ್ರೆ ನೀವೇ. ಕೆಟಲ್ ಜೌಗಲ್ಲಿ ಕಪ್ಪೆ ಎಣಿಸೋಕೆ ಇದೇ ಕೊನೇ ವಾರ ನೋಲಾ. ನಾಳೆನೂ ಸೊನ್ನೆ ಬಂದ್ರೆ ಮೂರನೇ ವರ್ಷದ ಸೊನ್ನೆ. ಪಟ್ಟಿಯಿಂದ ತೆಗೀಲೇಬೇಕು."

"ತೆಗೆದ್ರೆ?"

"ಕಾಡುಕುದುರೆ ಬರದ ಹಾಗೆ ಹಾಕಿರೋ ಬೇಲಿ ಕಿತ್ತು ಬೇರೆ ಕಡೆಗೆ ಒಯ್ತೀವಿ. ಕ್ಲೆಮ್‌ಗೆ ಹೋಗೋಕೆ ಇನ್ನೊಂದು ಜೌಗು ಉಳಿದಿಲ್ಲ, ಪಾಪ," ಎಂದಳು.

ಜಾಮ್ ತಳ ಹಿಡಿಯಿತು. ನಾನು ಹೋಗುತ್ತೇನೆ ಎಂದೆ. ಕಪ್ಪೆಗಾಗಿ ಹೋಗುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬೂಟು ಹುಡುಕಿದೆ. ಅರವತ್ತಾರರ ವಯಸ್ಸಿನಲ್ಲಿ ಹೀಗೆ ನನಗೆ ನಾನೇ ಟೋಪಿ ಹಾಕಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕಾರೊಬರಿ ಕಪ್ಪೆ ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದು, ಕಪ್ಪು ಮೈಮೇಲೆ ಎದ್ದು ಕಾಣುವ ಹಳದಿ ಪಟ್ಟೆ. ಬೇಸಿಗೆಯಲ್ಲಿ ಗಂಡು ಜೌಗಿನ ಪಾಚಿಯೊಳಗೆ ಗೂಡು ಮಾಡಿಕೊಂಡು ಕೂತುಬಿಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕೆದಕಿ ಹುಡುಕಿದರೆ ಗೂಡು ಹಾಳು. ಆದರೆ ಅದಕ್ಕೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ದಪ್ಪ ದನಿಯಲ್ಲಿ ಅಬ್ಬರಿಸಿದರೆ, ತನ್ನ ಜಾಗಕ್ಕೆ ಇನ್ನೊಬ್ಬ ಗಂಡು ಬಂದನೆಂದು ರೇಗಿ ಒಂದು ಸಲ ಗೊಣಗುತ್ತದೆ. ಆದ್ದರಿಂದ ಒಬ್ಬರು ಜೌಗಿನ ಅಂಚಿನಲ್ಲಿ ನಿಂತು "ಏಯ್ ಕಪ್ಪೇ!" ಎಂದು ಗಂಟಲು ಹರಿಯುವಂತೆ ಕೂಗಬೇಕು. ಇನ್ನೊಬ್ಬರು ಇಪ್ಪತ್ತು ಹೆಜ್ಜೆ ಆಚೆ ನಿಂತು, ಎಷ್ಟು ಗೊಣಗಾಟ ಬಂತೆಂದು ಎಣಿಸಬೇಕು. ಆ ಗೊಣಗಾಟವೂ ದೊಡ್ಡದೇನಲ್ಲ. ನೀರು ಹೊಕ್ಕ ಬೂಟಿನೊಳಗೆ ಕಾಲು ಒತ್ತಿದಾಗ ಬರುತ್ತದಲ್ಲ, ಅಷ್ಟೇ.

ಹತ್ತೊಂಬತ್ತು ಬೇಸಿಗೆ ಕ್ಲೆಮ್ ಕೂಗಿದ, ನಾನು ಕೇಳಿದೆ. ಸಂಬಳವಿಲ್ಲದ ಕೆಲಸ. ಅವನ ದನಿ ಕಣಿವೆಯ ಆಚೆಗೂ ಮುಟ್ಟುವಂಥದ್ದು. ನನ್ನದು ಬಸ್ಸಿನ ಹಿಂದಿನ ಸೀಟಿನ ಪಿಸುಮಾತು ಕೇಳಿಸಿಕೊಂಡು ಪಳಗಿದ ಕಿವಿ. ಒಳ್ಳೆ ಜೋಡಿ ಎಂದು ಊರೆಲ್ಲ ತಮಾಷೆ ಮಾಡುತ್ತಿತ್ತು. ಅವನು ನಗುತ್ತಿದ್ದ, ನಾನೂ ನಗುತ್ತಿದ್ದೆ. ಮನೆಗೆ ಬಂದ ಮೇಲೆ ನಾನು ನಗುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಎಂಟಕ್ಕೆ ಟಿನ್‌ಪಾಟ್ ಹಾದಿಯ ಗೇಟಿನ ಹತ್ತಿರ ಅವನ ಗಾಡಿ ನಿಂತಿತ್ತು. ಕ್ಲೆಮ್ ಹ್ಯಾಡ್ರಿಲ್, ವಯಸ್ಸು ಎಪ್ಪತ್ತು. ಮೊದಲಿಗಿಂತ ಒಣಗಿದ್ದ. ಹ್ಯಾಟು ಮಾತ್ರ ಅದೇ.

"ಬೂಟು ತೊಳ್ಕೋ!" ಎಂದು ಕೂಗಿದ. ಕಪ್ಪೆಗಳಿಗೆ ತಗಲುವ ರೋಗ ನಮ್ಮ ಅಂಗಾಲಿನಲ್ಲಿ ಮೇಲೆ ಹತ್ತಬಾರದೆಂದು ಔಷಧಿ ನೀರಿನಲ್ಲಿ ಬೂಟು ಉಜ್ಜಿಕೊಂಡೇ ಹೋಗುವುದು.

"ಕಿರುಚಬೇಡ ಕಣೋ, ಎರಡು ಮಾರು ದೂರದಲ್ಲಿದ್ದೀನಿ," ಎಂದೆ.

ಅವನು ಬೆನ್ನು ತಿರುಗಿಸಿ ಚೀಲ ಏರಿಸಿಕೊಂಡ. ಸರಿ, ಹನ್ನೊಂದು ವರ್ಷವಾದರೂ ಇಳಿಯದ ಸಿಟ್ಟು ಎಂದುಕೊಂಡು ನಾನೂ ಬಾಯಿ ಮುಚ್ಚಿಕೊಂಡೆ. ಆದರೆ ನನಗೆ ಬಾಯಿ ಮುಚ್ಚಿಕೊಂಡು ಒಂದು ಮೈಲಿಗಿಂತ ಹೆಚ್ಚು ನಡೆಯಲು ಬರುವುದಿಲ್ಲ.

ನಮ್ಮ ಕಡೆ ಬೇಸಿಗೆ ಡಿಸೆಂಬರಿಗೆ ಬಂದು ಫೆಬ್ರವರಿಗೆ ಮುಗಿಯುತ್ತದೆ; ಈಗ ಅದು ಗಂಟುಮೂಟೆ ಕಟ್ಟುತ್ತಿತ್ತು. ಜನವರಿಯಲ್ಲಿ ಇಳಿಜಾರನ್ನೆಲ್ಲ ಬೆಳ್ಳಗೆ ಮಾಡಿದ್ದ ಹಿಮಡೇಸಿ ಹೂಗಳು ಈಗ ಬೀಜ ಕಟ್ಟಿ, ಕಂದು ಕುಚ್ಚುಗಳಾಗಿ ನಿಂತಿದ್ದವು. ಅವುಗಳ ನಡುವೆ ತಡವಾಗಿ ಎದ್ದ ಹೂಗಳು, ಹಬ್ಬ ಮುಗಿದ ಮೇಲೆ ಬಂದ ನೆಂಟರ ಹಾಗೆ, ಅಲ್ಲೊಂದು ಇಲ್ಲೊಂದು. ಗುಂಡಿಯಂಥ ಹಳದಿ ಹೂ, ಕಲ್ಲಿನ ಸಂದಿಯಲ್ಲಿ ನೀಲಿ ಗಂಟೆಹೂ. ಕಾಗೆಗಳು ಬಂಡೆಗಳ ಬಿರುಕಿಗೆ ಕೊಕ್ಕು ತೂರಿಸಿ ಉಳಿದ ಪತಂಗಗಳನ್ನು ಹೆಕ್ಕುತ್ತಿದ್ದವು. ಕಚ್ಚುವ ನೊಣ ಮಾತ್ರ ಧಾರಾಳವಾಗಿತ್ತು. ನನ್ನ ನೀಲಿ ಪ್ಯಾಂಟಿನ ಮೇಲೆ ಊರಿನ ನೊಣವೆಲ್ಲ ಸಭೆ ಸೇರಿತ್ತು. ನೀಲಿ ಕಂಡರೆ ಅವು ಬಿಡುವುದಿಲ್ಲವೆಂದು ಹತ್ತೊಂಬತ್ತು ವರ್ಷ ತಿಳಿದಿದ್ದವಳು ಹನ್ನೊಂದು ವರ್ಷದಲ್ಲಿ ಮರೆತಿದ್ದೆ.

"ನೋಡೋ, ನಿನ್ನನ್ನ ಒಂದೂ ಕಚ್ತಿಲ್ಲ. ಕಹಿ ಇರಬೇಕು ನೀನು," ಎಂದೆ ಹಿಂದಿನಿಂದ. ಅವನು ಹ್ಯಾಟು ಸರಿಮಾಡಿಕೊಂಡು ಹತ್ತುತ್ತಲೇ ಹೋದ.

ಬೆಂಕಿಗೆ ಸತ್ತ ನೀಲಗಿರಿ ಮರಗಳು ಬೆಳ್ಳಗೆ ನಿಂತಿರುವ ತಿರುವಿನಲ್ಲಿ ಹಾದಿಗೆ ಅಡ್ಡ ತಾಮ್ರದ ಬಣ್ಣದ ಹಾವೊಂದು ಬಿಸಿಲು ಕಾಯುತ್ತಿತ್ತು. ನಾನು ಮೆಲ್ಲಗೆ, "ಕ್ಲೆಮ್, ಹಾವು," ಎಂದೆ. ಅವನು ನಡೆಯುತ್ತಲೇ ಇದ್ದ. ಮತ್ತೆ ಹೇಳಿದೆ. ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಅವನ ಚೀಲ ಹಿಡಿದು ಹಿಂದಕ್ಕೆ ಜಗ್ಗಿದೆ. ಹಾವು ಹುಲ್ಲಿನೊಳಗೆ ಸರಿದುಹೋಯಿತು.

"ನೋಡಿದ್ದೆ," ಎಂದ ಅವನು, ಮುಖ ಕೆಂಪಗೆ ಮಾಡಿಕೊಂಡು.

"ನೋಡಿದ್ರೆ ಯಾಕೆ ಅದರ ಮೇಲೆ ಕಾಲಿಡೋಕೆ ಹೋದೆ? ಕೈಕುಲುಕೋಕಾ?"

"ಜೆನ್ಷಿಯನ್ ನೋಡ್ತಿದ್ದೆ," ಎಂದು ಮುಂದೆ ಬೊಟ್ಟು ಮಾಡಿದ.

ನಿಜಕ್ಕೂ ಅಲ್ಲಿ ಅರಳಿದ್ದವು. ಒಂದು ಗೇಣು ಎತ್ತರದ ಗಿಡ, ಬಿಳಿ ಎಸಳಿನ ಮೇಲೆ ನೇರಳೆ ಗೆರೆ. ಬೆಟ್ಟದಲ್ಲಿ ಎಲ್ಲದಕ್ಕಿಂತ ಕೊನೆಗೆ ಬರುವ ಹೂ. ಅದು ಅರಳಿತೆಂದರೆ ಕಪ್ಪೆಗಳ ಕೂಗು ಇನ್ನು ಎಂಟು ಹತ್ತು ದಿನ, ಆಮೇಲೆ ಮುಂದಿನ ಬೇಸಿಗೆಯವರೆಗೆ ಮೌನ. ಹಳೆಯ ದಿನಗಳಲ್ಲಿ ಮೊದಲ ಜೆನ್ಷಿಯನ್ ಕಂಡಾಗ ಕ್ಲೆಮ್ ಹ್ಯಾಟು ತೆಗೆದು ನಿಲ್ಲುತ್ತಿದ್ದ, ಮದುವೆಮನೆಯ ಬಾಗಿಲಲ್ಲಿ ನಿಂತವನಂತೆ ಸಂಕೋಚದಿಂದ. ನಾನು ಆ ಹೂವಿಗಿಂತ ಹೆಚ್ಚು ಅವನನ್ನೇ ನೋಡುತ್ತಿದ್ದೆ. ಇವತ್ತು ಅವನು ನಿಲ್ಲಲಿಲ್ಲ.

ಹಾದಿಯುದ್ದಕ್ಕೂ ನಮ್ಮ ಹಳೆಯ ಜೌಗುಗಳು ಬಂದವು. ಮೊದಲನೆಯದು, ಎರಡನೆಯದು, ಡ್ರೇ ಜೌಗು. ಒಂದು ಕಾಲಕ್ಕೆ ಒಟ್ಟು ಏಳು. ಪಟ್ಟಿಯಿಂದ ಬಿಟ್ಟ ಮೇಲೆ ಬೇಲಿ ಕಿತ್ತಿದ್ದರು. ಪಾಚಿ ಹಾಸು ಕುದುರೆಯ ಗೊರಸಿಗೆ ಸಿಕ್ಕಿ, ಮಳೆಗಾಲದ ಸಂತೆಮಾಳದ ಹಾಗೆ ರಾಡಿಯಾಗಿತ್ತು. ಡ್ರೇ ಜೌಗಿನ ಪಕ್ಕದಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆ ನೋಡಿಕೊಂಡು ದಾಟಿದೆವು.

ಡ್ರೇ ಜೌಗಿನಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. ನಾವು ಶುರು ಮಾಡಿದಾಗ ಅಲ್ಲಿ ಒಂದು ಕೂಗಿಗೆ ನಲವತ್ತು ಗೊಣಗಾಟ ಬರುತ್ತಿದ್ದವು. ರೋಗ ಬಂದ ಮೇಲೆ ಹದಿನೈದಾಯಿತು, ಆರಾಯಿತು, ಎರಡಾಯಿತು. ಹನ್ನೆರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವನು ಹತ್ತು ಸಲ ಕೂಗಿದ. ಏನೂ ಬರಲಿಲ್ಲ. ಹನ್ನೊಂದನೆಯ ಸಲ ಕೂಗಿದಾಗ ಅವನ ದನಿ ಒಡೆದುಹೋಯಿತು. ತಿರುಗಿ ನನ್ನ ಕಡೆ ನೋಡಿದ ಆ ಮುಖ ನನಗೆ ತಡೆಯಲಾಗಲಿಲ್ಲ. "ಒಂದು ಬಂತು ಕ್ಲೆಮ್, ಆ ಪೊದೆ ಹತ್ತಿರ," ಎಂದುಬಿಟ್ಟೆ. ಅವನು ಪುಸ್ತಕದಲ್ಲಿ ಒಂದು ಎಂದು ಬರೆದು, ನನ್ನ ಹೆಗಲು ತಟ್ಟಿದ. ಊರಿನವರೆಗೂ ಸಿಳ್ಳೆ ಹಾಕಿಕೊಂಡು ಇಳಿದ.

ಆ ಒಂದನ್ನು ನಂಬಿ, ಗಂಡು ಬದುಕಿರುವ ನೀರು ಚೆನ್ನಾಗಿರಬೇಕೆಂದು, ಕಚೇರಿಯವರು ಆ ಚಳಿಗಾಲಕ್ಕೆ ಮುಂಚೆ ಸಾಕಿದ ಕಪ್ಪೆಗಳ ಅರವತ್ತು ಮೊಟ್ಟೆಗಳನ್ನು ಅಲ್ಲಿ ತಂದಿಟ್ಟರು. ಆ ವರ್ಷ ಇದ್ದದ್ದೇ ಅಷ್ಟು ಮೊಟ್ಟೆ. ಒಂದೂ ಉಳಿಯಲಿಲ್ಲ. ಮುಂದಿನ ಬೇಸಿಗೆ ಕ್ಲೆಮ್ ನನ್ನ ಅಡುಗೆಮನೆಗೆ ಬಂದು ನಿಂತು, "ನಿಜವಾಗ್ಲೂ ಕೇಳಿಸಿತ್ತಾ?" ಎಂದ. ನಾನು ಇಲ್ಲವೆಂದೆ. ಅವನು ಕೂಗಾಡಲಿಲ್ಲ. "ಕಪ್ಪೆ ಇಲ್ಲ ಅಂದ್ರೆ ನಾನೇನು ಸಾಯ್ತಿರಲಿಲ್ಲ ನೋಲಾ. ಆದ್ರೆ ಇನ್ಮೇಲೆ ನಿನ್ನ ಕಿವಿ ನಂಬೋಕಾಗಲ್ಲ," ಎಂದು ಹೋದ. ಅವತ್ತಿನಿಂದ ತಾನೇ ಕೂಗಿ, ತಾನೇ ಕೇಳಿ, ತಾನೇ ಬರೆಯುತ್ತಿದ್ದ.

ಅವನದು ನ್ಯಾಯವೇ. ಅರವತ್ತು ಮೊಟ್ಟೆಗಳ ಲೆಕ್ಕ ನನ್ನ ತಲೆಯ ಮೇಲಿದೆ. ಆದರೆ ಅವನನ್ನು ಕಳೆದುಕೊಂಡದ್ದೇ ನನಗೆ ಹೆಚ್ಚು ನೋವು ಕೊಟ್ಟಿತು, ಮೊಟ್ಟೆಗಳಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹನ್ನೊಂದು ಗಂಟೆಗೆ ಕೆಟಲ್ ಜೌಗು ತಲುಪಿದೆವು. ಬೇಲಿ ಗಟ್ಟಿಯಾಗಿತ್ತು. ಒಳಗೆ ಪಾಚಿ ಹಸಿರು ಹಾಸಿಗೆಯಂತೆ ಉಬ್ಬಿ, ಅದರ ಸಂದಿಯಲ್ಲಿ ತಟ್ಟೆಯಷ್ಟು ತಟ್ಟೆಯಷ್ಟು ನೀರು. ಅಂಚಿನುದ್ದಕ್ಕೂ ಜೆನ್ಷಿಯನ್. ಕೆಂಪೆದೆಯ ರಾಬಿನ್ ಹಕ್ಕಿಯೊಂದು ಬೇಲಿಯ ಕಂಬದ ಮೇಲೆ ಕೂತು ನಮ್ಮನ್ನು ವಿಚಾರಿಸಿಕೊಂಡು ಹಾರಿಹೋಯಿತು. ಇಷ್ಟು ಚೆಂದದ ಜಾಗದಲ್ಲಿ ಯಾರೂ ಇಲ್ಲವೆಂದರೆ ನನಗೆ ನಂಬಿಕೆ ಬರಲಿಲ್ಲ.

ಬಂಡೆಯ ಮೇಲೆ ಕೂತು ಚಹಾ ಕುಡಿದೆವು. ಅವನಿಗಿಷ್ಟವೆಂದು ಉಪ್ಪುಮಾಂಸ, ಉಪ್ಪಿನಕಾಯಿ ಇಟ್ಟ ಸ್ಯಾಂಡ್‌ವಿಚ್ ತಂದಿದ್ದೆ. ಎದುರಾಬದುರು ಕೂತಾಗ ಅವನು ಸರಿಯಾಗಿಯೇ ಮಾತಾಡಿದ.

"ಪೆಟಾ ಹೇಳಿದ್ಲಾ? ಇವತ್ತು ಸೊನ್ನೆ ಬಂದ್ರೆ ಬೇಲಿ ಕೀಳ್ತಾರೆ."

"ಹೇಳಿದ್ಲು."

"ನಲವತ್ತು ಇದ್ದದ್ದು ಕೇಳಿದೀನಿ ನಾನು. ಒಂದು, ಬರೀ ಒಂದು ಇನ್ನೊಂದ್ಸಲ ಕೇಳಿದ್ರೆ ಸಾಕು ಅಂತ ಜನವರಿಯಿಂದ ನಿದ್ದೆ ಇಲ್ಲ ನನಗೆ. ಮುದುಕನಿಗೆ ಎಂಥಾ ಆಸೆ ನೋಡು." ಸ್ಯಾಂಡ್‌ವಿಚ್ ಕಡೆ ನೋಡಿಕೊಂಡು ಮತ್ತೆ ಹೇಳಿದ. "ನೀನು ಬಂದಿರೋದು ನಿಯಮಕ್ಕೆ. ಕೂಗೋದೂ ನಾನೇ, ಕೇಳೋದೂ ನಾನೇ. ಬೇಜಾರು ಮಾಡ್ಕೋಬೇಡ."

"ಬೇಜಾರೇನಿಲ್ಲ, ಪಿಕ್‌ನಿಕ್ಕಿಗೆ ಬಂದಿದೀನಿ ಅಂದ್ಕೋತೀನಿ," ಎಂದೆ. ಬೇಜಾರಾಗಿತ್ತು.

ಅವನು ಜೌಗಿನ ಅಂಚಿಗೆ ಹೋಗಿ ಕಾಲು ಅಗಲಿಸಿ ನಿಂತ. ನಾನು ಅವನ ಹಿಂದೆ, ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ.

"ಏಯ್ ಕಪ್ಪೇ!"

ದನಿ ಹೋಗಿ ಎದುರು ಬೆಟ್ಟಕ್ಕೆ ಬಡಿದು ಬಂತು. ಅದು ಸುಮ್ಮನಾದ ಮೇಲೆ, ಎಡಗಡೆಯ ಎರಡನೆಯ ನೀರಿನ ಗುಂಡಿಯ ಹತ್ತಿರ, ಪಾಚಿಯ ಒಳಗಿಂದ ಬಂತು. ಒದ್ದೆ ಬೂಟಿನ ಶಬ್ದ. ಒಂದೇ ಒಂದು.

ಕಣ್ಣಲ್ಲಿ ನೀರು ಬಂತು ನನಗೆ. ಅವನು ತಿರುಗಿ ನನ್ನನ್ನು ಅಪ್ಪಿಕೊಳ್ಳುತ್ತಾನೆ ಎಂದು ಕಾದೆ. ಅವನು ತಿರುಗಲಿಲ್ಲ. ಅರ್ಧ ನಿಮಿಷ ತಲೆ ತಗ್ಗಿಸಿ ನಿಂತು ಮತ್ತೆ ಕೂಗಿದ. ಮತ್ತೆ ಅದು ಗೊಣಗಿತು, ಈ ಸಲ ಇನ್ನೂ ರೇಗಿಕೊಂಡು. ಮೂರನೆಯ ಸಲವೂ. ಕ್ಲೆಮ್ ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲ್ ನಾಲಿಗೆಗೆ ತಾಗಿಸಿದ.

ನಾನು ಓಡಿಹೋಗಿ ತೋಳು ಹಿಡಿದೆ. "ಏನ್ ಬರೀತಿದ್ದೀಯಾ? ಬಂತಲ್ಲೋ! ಮೂರು ಸಲನೂ ಬಂತಲ್ಲ, ಆ ಎಡಗಡೆ!"

ಅವನು ನನ್ನ ಮುಖವನ್ನು ತುಂಬ ಹೊತ್ತು ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ, ಅದು ಇನ್ನೂ ಕೆಟ್ಟದ್ದು.

"ಬೇಡ ನೋಲಾ. ಮತ್ತೆ ಅದೇ ಬೇಡ."

"ದೇವರಾಣೆ ಕ್ಲೆಮ್."

"ಅವತ್ತೂ ನನ್ನ ಮುಖ ನೋಡಿ ಹೇಳ್ದೆ, ಇವತ್ತೂ ನನ್ನ ಮುಖ ನೋಡಿ ಹೇಳ್ತಿದ್ದೀಯಾ. ನನ್ನ ಮೇಲೆ ಕನಿಕರ ಇರಲಿ, ಬೇಡ ಅನ್ನಲ್ಲ. ಆದ್ರೆ ಕನಿಕರನ ಪುಸ್ತಕದಲ್ಲಿ ಬರೆಯೋಕಾಗಲ್ಲ." ತೋಳು ಬಿಡಿಸಿಕೊಂಡು ಮತ್ತೆ ಅಂಚಿಗೆ ಹೋದ. "ಇನ್ನೆರಡು ಸಲ ಕೂಗ್ತೀನಿ. ಆಮೇಲೆ ಇಳಿಯೋಣ."

ಅಲ್ಲೇ ನಿಂತೆ. ಮೈಯೆಲ್ಲ ಉರಿಯಿತು. ಬದುಕಿನಲ್ಲಿ ಒಂದು ಸಲ ಸುಳ್ಳು ಹೇಳಿದವಳ ನಿಜಕ್ಕೆ ಕವಡೆ ಬೆಲೆಯೂ ಇಲ್ಲವೇ? ಬೆನ್ನು ತಿರುಗಿಸಿ ನಿಂತಿದ್ದ ಅವನಿಗೆ, "ಮೊಂಡ ಮುದಿಗೂಬೆ," ಎಂದು ಬೈದೆ. ಮೆಲ್ಲಗೇನಲ್ಲ, ಅಂಗಡಿಯಲ್ಲಿ ಸಕ್ಕರೆ ಕೇಳುವಷ್ಟು ದನಿಯಲ್ಲಿ.

ಅವನ ಹೆಗಲು ಅಲುಗಲಿಲ್ಲ.

ಆಗ ಬೆಳಗ್ಗಿನಿಂದ ನಡೆದದ್ದೆಲ್ಲ ಸಾಲಾಗಿ ನೆನಪಿಗೆ ಬಂತು. ಗೇಟಿನ ಹತ್ತಿರದ ಕಿರುಚಾಟ. ನೊಣದ ಮಾತು. ಹಾವು. ಬೇಕರಿಯಲ್ಲಿ ಬ್ರೆಡ್ಡಿನ ಕಡೆ ನೋಡುತ್ತಿದ್ದದ್ದು. ಮೂವತ್ತೈದು ವರ್ಷ ಹಿಮಕ್ಕೆ ಬಿದ್ದ ಮರಗಳನ್ನು ರಸ್ತೆಯಿಂದ ತೆಗೆಯಲು ಗರಗಸದ ಯಂತ್ರ ಹಿಡಿದವನು ಅವನು, ಸದ್ದು ತಡೆಯಲು ಕಿವಿಗೆ ಒಂದು ಹತ್ತಿಯನ್ನೂ ಇಟ್ಟುಕೊಳ್ಳದೆ.

"ಕ್ಲೆಮ್, ಪ್ಯಾಂಟು ಹಿಂದೆ ಹರಿದಿದೆ," ಎಂದೆ. ಅವನ ಕೈ ಹಿಂದಕ್ಕೆ ಹೋಗಲಿಲ್ಲ.

ಎರಡು ಹೆಜ್ಜೆ ಹತ್ತಿರ ಹೋದೆ. ಪರೀಕ್ಷೆಗೆಂದು ಏನು ಬೇಕಾದರೂ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು. "ಕ್ಲೆಮ್, ನಿನ್ನನ್ನ ಬಿಟ್ಟು ನಾನು ಬೇರೆ ಯಾರನ್ನೂ ಬಯಸಲಿಲ್ಲ ಕಣೋ. ಮೂವತ್ತು ವರ್ಷ. ಕಪ್ಪೆ ನೆಪ ಅಷ್ಟೇ."

ಗಾಳಿ ಅವನ ಅಂಗಿಯನ್ನು ಉಬ್ಬಿಸಿತು. ಅವನು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಉಸಿರು ಬಿಗಿಹಿಡಿದು ಜೌಗಿನ ಕಡೆಯೇ ಕೇಳುತ್ತಿದ್ದ, ಪ್ರಪಂಚದಲ್ಲಿ ಬೇರೆ ಯಾವ ಶಬ್ದವೂ ಇಲ್ಲವೆಂಬಂತೆ. ಒಂದು ಕ್ಷಣ ನನಗೆ ಬದುಕಿಕೊಂಡೆ ಎನಿಸಿತು. ಮರುಕ್ಷಣ ಅಲ್ಲೇ ಕೂತು ಅಳಬೇಕು ಎನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಅವನು ಕೂಗಿ ಮುಗಿಸಿ, ಪುಸ್ತಕ ತೆರೆದಿದ್ದ.

ಮುಂದೆ ಹೋಗಿ ಅವನ ಎದುರು ನಿಂತೆ.

"ನಿನಗೆ ಕಿವಿ ಕೇಳಿಸ್ತಿಲ್ಲ ಕ್ಲೆಮ್."

"ಕೇಳಿಸ್ತಿದೆಯಲ್ಲ, ಈಗ ಹೇಳಿದ್ದು ಕೇಳಿಸ್ತು."

"ಎದುರಿಗಿದ್ದೀನಿ, ತುಟಿ ನೋಡ್ತಿದ್ದೀಯಾ. ಈಗ ಹಿಂದೆ ನಿಂತು ಮೂರು ಸಲ ಮಾತಾಡಿಸ್ದೆ."

"ಏನಂದೆ?"

"ಮುದಿಗೂಬೆ ಅಂದೆ. ಪ್ಯಾಂಟು ಹರಿದಿದೆ ಅಂದೆ." ಮೂರನೆಯದನ್ನು ಹೇಳಲಿಲ್ಲ. "ಬೆಳಗ್ಗೆ ಹಾವಿದೆ ಅಂತ ಎರಡು ಸಲ ಹೇಳ್ದೆ. ನಾನು ನೀನು ಸಿಟ್ಟಲ್ಲಿದ್ದೀಯಾ ಅಂದ್ಕೊಂಡೆ."

ಅವನ ಕೈ ತಾನಾಗಿ ಪ್ಯಾಂಟಿನ ಹಿಂಬದಿಗೆ ಹೋಯಿತು. ಹರಿದಿರಲಿಲ್ಲ. ನಗು ಬರಬೇಕಾದ ಹೊತ್ತು. ಇಬ್ಬರಿಗೂ ಬರಲಿಲ್ಲ.

ನಾನು ಫೋನು ತೆಗೆದೆ. ಅದರಲ್ಲಿ ದನಿ ಹಿಡಿದಿಡುವುದೊಂದು ಇದೆ. ಶಬ್ದವಾದರೆ ಪರದೆಯ ಮೇಲಿನ ಗೆರೆ ಮೇಲೇಳುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ. ಅದನ್ನು ಅವನ ಅಂಗೈಯಲ್ಲಿಟ್ಟು, ನೀರಿನ ಕಡೆಗೆ ಬಾಗಿಸಿ ಹಿಡಿಸಿದೆ. "ನನ್ನ ಮಾತು ನಂಬಬೇಡ. ಇದನ್ನ ನೋಡು. ಕೂಗು."

"ಏಯ್ ಕಪ್ಪೇ!"

ಗೆರೆ ಪರದೆಯ ತುದಿ ಮುಟ್ಟಿ ಬಿತ್ತು. ಬೆಟ್ಟದಿಂದ ಬಂದ ಪ್ರತಿಧ್ವನಿಗೆ ಚೂರು ಎದ್ದು ಮಲಗಿತು. ಗಾಳಿ ನಿಂತಿತ್ತು. ಆಮೇಲೆ, ಕಪ್ಪೆ ಗೊಣಗಿದ್ದು ನನ್ನ ಕಿವಿಗೆ ಬಿದ್ದ ಹೊತ್ತಿಗೇ, ಗೆರೆಯ ಮೇಲೆ ಒಂದು ಸಣ್ಣ ಮುಳ್ಳು ಎದ್ದಿತು.

ಅವನು ಮತ್ತೆ ಕೂಗಿದ. ಮತ್ತೆ ಮುಳ್ಳು. ಮೂರನೆಯ ಸಲ. ಮತ್ತೆ ಮುಳ್ಳು. ಫೋನನ್ನು ಕಿವಿಗೆ ಒತ್ತಿ ಹಿಡಿದು ಅದು ಹಿಡಿದದ್ದನ್ನೆಲ್ಲ ಕೇಳಿದ. "ನನ್ನ ದನಿ ಕೇಳಿಸ್ತಿದೆ. ಬಾಕಿ ಏನೂ ಇಲ್ಲ," ಎಂದ. ಪರದೆಯ ಮೇಲೆ ಆ ಮುಳ್ಳುಗಳನ್ನು ಹೆಬ್ಬೆರಳಿನಿಂದ ಮುಟ್ಟಿದ.

"ಇದೆ," ಎಂದ. "ಇದೆ ನೋಲಾ. ಇದೆ!" ನಕ್ಕ. ಎಂಥ ನಗು ಅದು, ಹತ್ತೊಂಬತ್ತು ಬೇಸಿಗೆಯಲ್ಲಿ ನೋಡಿದ್ದ ಆ ಕ್ಲೆಮ್ ಎರಡು ಕ್ಷಣ ಎದುರಿಗೆ ನಿಂತಿದ್ದ. ಆಮೇಲೆ ನಗು ಇದ್ದ ಹಾಗೇ ಕಣ್ಣು ಬದಲಾಯಿತು. ನಿಧಾನವಾಗಿ ಬಂಡೆಯ ಮೇಲೆ ಕೂತ. ನನಗೆ ಅರ್ಥವಾಯಿತು, ಅವನು ಎಲ್ಲಿಗೆ ತಲುಪಿದನೆಂದು. ನಾನು ಅವನಿಗಿಂತ ಸ್ವಲ್ಪ ಮುಂಚೆ ಅಲ್ಲಿಗೆ ತಲುಪಿದ್ದೆ.

"ಹೋದ ವರ್ಷ ಇಲ್ಲಿ ನಾನು ಇಪ್ಪತ್ತು ಸಲ ಕೂಗಿದೆ," ಎಂದ. "ಆಗಲೂ ಇದು ಇಲ್ಲೇ ಇತ್ತಾ?"

ಇಲ್ಲ ಎನ್ನಬಹುದಿತ್ತು. ಈ ವರ್ಷ ಬಂದಿರಬೇಕು ಕಣೋ, ಎಲ್ಲಿಂದಲೋ ತೆವಳಿಕೊಂಡು ಬಂದಿರಬೇಕು, ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಅವನ ಮುಖ ನೋಡಿದರೆ ಯಾರ ಬಾಯಿಗಾದರೂ ಬರುತ್ತಿತ್ತು.

"ಇತ್ತು," ಎಂದೆ. "ಗಂಡು ನಾಲ್ಕು ವರ್ಷ ತುಂಬದೆ ಕೂಗಲ್ಲ, ಇಷ್ಟು ದಪ್ಪ ದನಿ ಬರೋಕೆ ಮತ್ತೆ ಎರಡು ಮೂರು ವರ್ಷ ಬೇಕು ಅಂತ ನೀನೇ ಹೇಳಿಕೊಟ್ಟಿದ್ದು. ಜೌಗು ಬಿಟ್ಟು ಜೌಗಿಗೆ ಹೋಗಲ್ಲ ಅಂತಲೂ ನೀನೇ."

"ಹಾಗಾದ್ರೆ ಇಪ್ಪತ್ತು ಸಲನೂ ಅದು ಓಗೊಟ್ಟಿದೆ."

"ಹೂಂ."

"ಅದರ ಹಿಂದಿನ ವರ್ಷನೂ."

"ಹೂಂ ಕ್ಲೆಮ್."

"ಬಾಕಿ ಆರು ಜೌಗು? ಡ್ರೇ ಬಿಡು, ಅದು ಖಾಲಿ ಅಂತ ಗೊತ್ತು. ಉಳಿದ ಐದು? ಅವಕ್ಕೆಲ್ಲ ಸೊನ್ನೆ ಬರೆದವನು ನಾನೇ. ಬೇಲಿ ಕೀಳೋಕೆ ನಾನೇ ಇಕ್ಕಳ ಹಿಡ್ಕೊಂಡು ಹೋಗಿದ್ದೆ."

"ರೋಗಕ್ಕೆ ಹೋದದ್ದು ತುಂಬ. ಯಾವ ಸೊನ್ನೆ ಕಪ್ಪೆದು, ಯಾವುದು ನಿನ್ನ ಕಿವಿದು, ಗೊತ್ತಿಲ್ಲ ಕಣೋ. ಇನ್ನು ಅದು ಯಾರಿಗೂ ಗೊತ್ತಾಗಲ್ಲ."

ಅವನು ಹ್ಯಾಟು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಅತ್ತ. ಎಪ್ಪತ್ತರ ಗಂಡಸು, ಶಬ್ದವಿಲ್ಲದೆ, ಮೂಗು ಒರೆಸಿಕೊಳ್ಳದೆ. ನಾನು ಪಕ್ಕದಲ್ಲಿ ಕೂತೆ. ಬೆನ್ನ ಮೇಲೆ ಕೈ ಇಡಬೇಕು ಎನಿಸಿತು. ಇಟ್ಟೆ. ಅವನು ಬೇಡವೆನ್ನಲಿಲ್ಲ. ನಾನು ಹೇಳಿದ ನಿಜ ಅವನ ಬದುಕಿನ ಅತಿ ದೊಡ್ಡ ಪೆಟ್ಟಾಯಿತಲ್ಲ ಎಂದು ಸಂಕಟವಾಯಿತು. ಹೀಗೆ ಅವನ ಪಕ್ಕದಲ್ಲಿ ಕೂರಲು ಸಿಕ್ಕಿತಲ್ಲ ಎಂದು, ನಾಚಿಕೆಗೆಟ್ಟವಳಿಗೆ, ಒಳಗೊಳಗೆ ಹಿತವೂ ಆಯಿತು.

ಬಹಳ ಹೊತ್ತಾದ ಮೇಲೆ ಪುಸ್ತಕವನ್ನೂ ಪೆನ್ಸಿಲನ್ನೂ ನನ್ನ ಮಡಿಲಿಗೆ ಹಾಕಿದ.

"ನೀನೇ ಬರಿ. ಕೇಳಿದವರು ಬರೀಬೇಕು."

ಕೆಟಲ್ ಜೌಗು ಎಂದಿದ್ದ ಸಾಲಿನಲ್ಲಿ ಒಂದು ಎಂದು ಬರೆದೆ. ಅದರ ಕೆಳಗೆ ನನ್ನ ಹೆಸರು. ಆ ಪುಸ್ತಕದಲ್ಲಿ ನನ್ನ ಕೈಬರಹ ಅದೇ ಮೊದಲು.

"ಸೋಮವಾರ ಪೆಟಾ ಹತ್ರ ಹೋಗೋಣ," ಎಂದ. "ಎಲ್ಲಾ ಹೇಳ್ತೀನಿ. ಬಿಟ್ಟ ಜೌಗುಗಳನ್ನೂ ಇನ್ನೊಂದ್ಸಲ ಕೇಳೋಣ. ರಾಡಿಯಾದ್ರೂ ಸರಿ, ಅಂಚಲ್ಲಿ ಎಲ್ಲಾದ್ರೂ ಒಂದಿದ್ರೆ. ಬರ್ತೀಯಾ?"

"ಬೇರೆ ಪ್ಯಾಂಟು ಹಾಕ್ಕೊಂಡು ಬರ್ತೀನಿ. ಈ ನೊಣಗಳು ನನ್ನನ್ನ ತಿಂದು ಮುಗಿಸ್ತಿವೆ."

ಅವನು ಎದ್ದ. ಹೊರಡಲು ಎದ್ದನೆಂದುಕೊಂಡೆ, ಆದರೆ ಜೌಗಿನ ಅಂಚಿಗೆ ಹೋದ. ಎಣಿಕೆ ಮುಗಿದಿತ್ತು, ಇನ್ನು ಕೂಗುವ ಅಗತ್ಯವಿರಲಿಲ್ಲ. "ಒಂದೇ ಒಂದ್ಸಲ," ಎಂದ, ಮಕ್ಕಳು ಬಸ್ಸಿನಲ್ಲಿ ಹಾರ್ನ್ ಒತ್ತಲು ಕೇಳುತ್ತಿದ್ದ ದನಿಯಲ್ಲಿ.

"ಏಯ್ ಕಪ್ಪೇ!" ಎಂದು ಕೂಗಿ, ಈ ಸಲ ಅವನು ಜೌಗಿನ ಕಡೆ ನೋಡಲಿಲ್ಲ. ಪೂರ್ತಿ ತಿರುಗಿ ನನ್ನ ಮುಖ ನೋಡಿದ. ಬಾಯಿ ಅರ್ಧ ತೆರೆದು, ಹುಬ್ಬೆತ್ತಿ, ಬದುಕಿನಲ್ಲಿ ಬೇಕಾದದ್ದೆಲ್ಲ ನನ್ನ ಮುಖದ ಮೇಲೇ ಬರೆದಿದೆ ಎಂಬಂತೆ ನೋಡಿದ. ಮೂವತ್ತು ವರ್ಷ ನಾನು ಅವನಿಂದ ಬಯಸಿದ್ದು ಆ ಒಂದು ನೋಟವನ್ನೇ. ಅದು ಬಂದದ್ದು ಕಪ್ಪೆಗಾಗಿ, ನನಗಾಗಿ ಅಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎಡಗಡೆಯ ನೀರಿನ ಹತ್ತಿರ ಅದು ಗೊಣಗಿತು. ಬಂತೆಂದು ಬೆರಳೆತ್ತಿ ತೋರಿಸಲು ನಾನು ಸ್ವಲ್ಪ ತಡಮಾಡಿದೆ.